ಸಾಲಿಗೆ ನಿಲ್ಲದ ಸೊಪ್ಪು

ಪಂಪ್ ಹೌಸಿನ ಪಕ್ಕದ ಪಾತಿ ನನಗೆ ಸಿಕ್ಕಿದ್ದು, ಅದು ಬೇರೆ ಯಾರಿಗೂ ಬೇಡವಾದ್ದರಿಂದ. ಸೊಸೈಟಿಯ ತೋಟದ ಕ್ಲಬ್ಬಿನವರು ಚೀಟಿ ಎತ್ತಿದಾಗ ಅದು ಬ್ಯಾಂಕಿನಲ್ಲಿದ್ದು ರಿಟೈರ್ ಆದ ಒಬ್ಬ ಯಜಮಾನರಿಗೆ ಬಂದಿತ್ತು. ಅವರು ಹೋಗಿ ನೋಡಿದರು. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಯಾರೋ ಎಸೆದ ಕಮೋಡಿನ ಅರ್ಧ ತುಂಡು. ಕ್ಲಬ್ಬೂ ಬೇಡ, ಪಾತಿಯೂ ಬೇಡ ಎಂದು ಅಲ್ಲಿಂದಲೇ ಮನೆಗೆ ಹೋದರು. ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದವಳು, ಎದ್ದು ಹೋಗಿ ಅದು ನನಗಿರಲಿ ಎಂದೆ.

ಇದು ದೆಹಲಿಯ ದ್ವಾರಕಾದ ಒಂದು ಹೌಸಿಂಗ್ ಸೊಸೈಟಿ. ಮಗಳು, ಅಳಿಯ, ಮೊಮ್ಮಗಳ ಜೊತೆ ಇಲ್ಲಿದ್ದೇನೆ. ಅಳಿಯ ಏರ್‌ಫೋರ್ಸಿನಲ್ಲಿದ್ದವನು, ಒಳ್ಳೆಯವನೇ. ಮಗಳ ಮನೆಯಲ್ಲಿ ನನಗೆ ಏನೂ ಕಡಿಮೆಯಿಲ್ಲ. ಹಾಸಿಗೆಯಿದೆ, ಹೀಟರಿದೆ, ನನ್ನ ರೂಮಿಗೇ ಒಂದು ಟಿವಿ ಇದೆ. ಆದರೆ ಏನು ಮಾಡಬೇಕಾದರೂ ಕೇಳಿ ಮಾಡಬೇಕು. ಒಲೆ ಹಚ್ಚಲೇ, ಬಾಗಿಲು ತೆಗೆಯಲೇ, ಈ ಡಬ್ಬಿ ಇಲ್ಲಿಡಲೇ. ಯಾರೂ ಕೇಳು ಎಂದು ಹೇಳಿಲ್ಲ, ಕೇಳದಿದ್ದರೆ ಮಗಳ ಮುಖ ಸಣ್ಣಗಾಗುತ್ತದೆ. ಪಾತಿ ಸಿಕ್ಕಿದ ದಿನ ನನಗೆ ತೋಚಿದ್ದು ಒಂದೇ. ಇಲ್ಲಿ ನಾನು ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಹಾಗೆ ಅಂದುಕೊಂಡದ್ದು ತಪ್ಪು. ಕ್ಲಬ್ಬಿಗೆ ಕಾನೂನುಗಳಿದ್ದವು.

ಕ್ಲಬ್ಬು ಕಟ್ಟಿದವರು ಕೊಡಗಿನ ಒಬ್ಬ ಹೆಂಗಸು. ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಕರ್ನಲ್ ಮೇಡಂ ಅನ್ನುತ್ತಾರೆ. ಕರ್ನಲ್ ಆಗಿದ್ದವರು ಅವರ ಗಂಡ. ಆದರೆ ಮಾತು ಕೇಳಿದರೆ ಪಟ್ಟ ಯಾರದು ಅಂತ ಅನುಮಾನ ಬರುತ್ತದೆ. ಕತ್ತರಿಸಿದ ಕೂದಲು, ನೆಟ್ಟಗಿನ ಬೆನ್ನು, ಗಡಿಯಾರ ನೋಡಿಕೊಂಡೇ ನಗುವ ಹೆಂಗಸು. ನನ್ನನ್ನು ಕ್ಲಬ್ಬಿಗೆ ಸೇರಿಸಿಕೊಂಡವರೂ ಅವರೇ. "ನಮ್ಮ ಕನ್ನಡದವರು ಒಬ್ಬರಾದರೂ ಇರಲಿ ಅಮ್ಮ" ಎಂದು ಕೈ ಹಿಡಿದುಕೊಂಡು ಹೇಳಿದ್ದರು. ಅಧ್ಯಕ್ಷ ಮಾತ್ರ ಇಲ್ಲಿನ ಗಂಡಸು, ಸರ್ಕಾರದಲ್ಲಿ ದೊಡ್ಡ ಕೆಲಸದಲ್ಲಿದ್ದವರು. ಈಗ ಬೆಂಡೆಕಾಯಿ ಬೆಳೆಯುತ್ತಾರೆ.

ಕಾನೂನು ಏನೆಂದರೆ, ಪಾತಿಗೆ ಒಂದೇ ಬೆಳೆ, ಹೆಚ್ಚೆಂದರೆ ಎರಡು. ಎರಡು ಗೂಟಕ್ಕೆ ದಾರ ಕಟ್ಟಿ, ದಾರದ ಗುಂಟ ಬೀಜ ಹಾಕಬೇಕು. ಗಿಡದ ಹೆಸರು ಬರೆದ ಹಲಗೆ ನೆಡಬೇಕು. ಪಾತಿ ಅಂದವಾಗಿಲ್ಲದಿದ್ದರೆ ಅದರಲ್ಲೊಂದು ಕೆಂಪು ಬಾವುಟ ಚುಚ್ಚುತ್ತಾರೆ. ಎರಡು ಬಾವುಟ ಬಿದ್ದರೆ ಪಾತಿ ವಾಪಸ್ಸು, ಕಾಯುತ್ತಿರುವವರಿಗೆ ಹೋಗುತ್ತದೆ.

ನಾನು ಕೋಲಾರದ ಕಡೆಯವಳು. ನಮ್ಮಲ್ಲಿ ಬೆರಕೆ ಸೊಪ್ಪಿನ ಸಾರು ಮಾಡುತ್ತೇವೆ. ಅದಕ್ಕೆ ಒಂದು ಸೊಪ್ಪು ಸಾಲದು. ಕೀರೆ, ಅಣ್ಣೆ, ಗೋಣಿ, ಗಣಿಕೆ, ಚಕ್ಕೋತ, ಕಣ್ಣಿಗೆ ಬಿದ್ದಿದ್ದನ್ನೆಲ್ಲ ತುದಿ ಚಿವುಟಿಕೊಂಡು ಹೋಗಬೇಕು. ಬುಡ ಕೀಳಬಾರದು. ಚಿವುಟಿದ ಕಡೆ ಕವಲೊಡೆಯುತ್ತದೆ, ಮತ್ತೆ ಚಿವುಟಬೇಕು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವುದನ್ನು ಹಿತ್ತಲಿನಲ್ಲಿ ಬೆಳೆಯಬೇಕಾದರೆ ಬೀಜಗಳನ್ನೆಲ್ಲ ಒಣಮಣ್ಣಿನಲ್ಲಿ ಕಲೆಸಿ ಎರಚುತ್ತೇವೆ. ಒಂದು ಬರದಿದ್ದರೆ ಇನ್ನೊಂದು ಬರುತ್ತದೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಊರಿನಿಂದ ಬರುವಾಗ ಆ ಬೀಜಗಳ ಒಂದು ಬಟ್ಟೆ ಗಂಟು ತಂದಿದ್ದೆ. ಮಗಳು ಅದನ್ನು ಎರಡು ಸಲ ಕಸಕ್ಕೆ ಹಾಕಿದ್ದಳು, ಎರಡು ಸಲವೂ ಹೆಕ್ಕಿಕೊಂಡಿದ್ದೆ.

ಕಮೋಡು, ಇಟ್ಟಿಗೆ ಎಲ್ಲ ಎತ್ತಿ ಹಾಕಿ, ಮಣ್ಣು ಹಸನು ಮಾಡಿ, ದೀಪಾವಳಿ ಕಳೆದ ಮೇಲೆ ಅರ್ಧ ಗಂಟು ಎರಚಿದೆ. ನಮ್ಮೂರಿನಲ್ಲಿ ಆಗ ಎರಚಿದರೂ ಬರುತ್ತದೆ. ಇಲ್ಲಿ ಬರಲಿಲ್ಲ. ಮೊಳಕೆಯೊಡೆದದ್ದು ಎರಡು ಎಲೆ ಬಿಟ್ಟು ಹಾಗೇ ಕೂತಿತು. ಚಳಿ ಬಂತು, ಅದಕ್ಕಿಂತ ಮೊದಲು ಹೊಗೆ ಬಂತು. ಎದುರಿನ ಬ್ಲಾಕೇ ಕಾಣದ ಹೊಗೆ. ಅಳಿಯ ಫೋನಿನಲ್ಲಿ ಗಾಳಿಯ ನಂಬರು ನೋಡಿ, "ಅತ್ತೆ, ಇವತ್ತು ಕೆಳಗೆ ಇಳಿಯೋದೇ ಬೇಡ" ಎನ್ನುವನು. ಅವನು ಆಫೀಸಿಗೆ ಹೋದ ಮೇಲೆ ಇಳಿಯುತ್ತಿದ್ದೆ. ಕೆಮ್ಮು ಬಂತು. ಬರಲಿ ಬಿಡು ಎಂದೆ. ಆದರೆ ಕೀರೆಯ ಎಲೆ ಕೆಂಪಗಾಗಿ, ಸುಟ್ಟ ಹಾಗಾಗಿ, ಒಂದೊಂದೇ ಮಲಗಿತು.

ಇಲ್ಲಿನ ಕಾಲ ಬೇರೆ. ಅದನ್ನು ಕಲಿಸಿದ್ದು ಕ್ಲಬ್ಬೇ, ಇಲ್ಲ ಅನ್ನುವುದಿಲ್ಲ. ಭಾನುವಾರ ಭಾನುವಾರ ಪಾಠವಿರುತ್ತಿತ್ತು. ಚಳಿಗೆ ಮೆಂತ್ಯ, ಪಾಲಕ್, ಸಾಸಿವೆ ಹಾಕಬೇಕು, ಕೀರೆ ಜಾತಿಯದೆಲ್ಲ ಹೋಳಿ ಹತ್ತಿರ ಬಂದ ಮೇಲೆ ಎಂದು ಕರ್ನಲ್ ಮೇಡಂ ಹೇಳಿದರು. ಗೊಬ್ಬರದ ಡ್ರಮ್ಮಿನಲ್ಲಿ ಅಡುಗೆಮನೆ ಕಸದಷ್ಟೇ ಒಣಗಿದ ಎಲೆಯನ್ನೂ ಹಾಕಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎಂದು ಒಬ್ಬ ಕಾಲೇಜಿನ ಹುಡುಗಿ ಬಂದು ತೋರಿಸಿಕೊಟ್ಟಳು. ನನ್ನ ತಿಪ್ಪೆಗೆ ಹುಳ ಬಿದ್ದಿತ್ತು. ಅವಳು ಹೇಳಿದ ಹಾಗೆ ಮಾಡಿದೆ, ಹೋಯಿತು. ಕಲಿಯಬೇಕಾದ್ದನ್ನು ಕಲಿತೆ. ದಾರ ಕಟ್ಟುವುದನ್ನು ಮಾತ್ರ ಕಲಿಯಲಿಲ್ಲ.

"ಅಮ್ಮ, ದಾರ ಕಟ್ಟಿ ಹಾಕಿ ಅಂತ ಹೇಳಿದ್ದೆನಲ್ಲ?" ಮೆಂತ್ಯ ಗುಂಪುಗುಂಪಾಗಿ ಎದ್ದದ್ದನ್ನು ನೋಡಿ ಕರ್ನಲ್ ಮೇಡಂ ಕೇಳಿದರು.

"ಕಟ್ಟಿದ್ದೆ. ಕಾಗೆ ಎತ್ತಿಕೊಂಡು ಹೋಯ್ತು."

"ಸುಳ್ಳು."

"ಹೂಂ, ಸುಳ್ಳೇ."

ಅವರು ನಗಲಿಲ್ಲ. ಮೆಂತ್ಯದ ನಡುವೆ ಕೈ ಹಾಕಿ, "ಇದು ಬಥುವಾ. ಕಳೆ. ಇದನ್ನಾದರೂ ತೆಗೆಯಿರಿ" ಎಂದರು.

"ಅದು ಚಕ್ಕೋತ. ತಾನಾಗಿ ಬಂದಿದೆ."

"ತಾನಾಗಿ ಬಂದದ್ದಕ್ಕೇ ಕಳೆ ಅನ್ನೋದು."

"ಹಾಗಾದರೆ ನಾನೂ ಇಲ್ಲಿಗೆ ಯಾರೂ ಕರೆಯದೆ ಬಂದವಳೇ."

ಚಳಿ ಕಳೆಯುವ ಹೊತ್ತಿಗೆ ಹೂವಿನ ಪ್ರದರ್ಶನ. ಕರ್ನಲ್ ಮೇಡಂ ಪಾತಿಯಲ್ಲಿ ಮುಂದೆ ಪ್ಯಾನ್ಸಿ, ಹಿಂದೆ ಗುಲಾಬಿ, ಎತ್ತರ ನೋಡಿ ನಿಲ್ಲಿಸಿದ ಹಾಗೆ. ಬೇರೆ ಸೊಸೈಟಿಯಿಂದ ನೋಡಲು ಬಂದವರು ಅಲ್ಲಿಂದ ಕದಲುತ್ತಿರಲಿಲ್ಲ. ನಿಜವಾಗಿ ಚೆನ್ನಾಗಿತ್ತು. ನನ್ನ ಪಾತಿಯ ಹತ್ತಿರ ಅಧ್ಯಕ್ಷರು ನಿಂತು, "ಮಾತಾಜಿ, ಯೇ ತೋ ಜಂಗಲ್ ಹೈ" ಎಂದರು. ಕಾಡಾಗಿದೆಯಂತೆ. ಒಂದು ಕೆಂಪು ಬಾವುಟ ಚುಚ್ಚಿದರು. ಅದಕ್ಕೆ ಒಂದು ಹಾಗಲ ಬಳ್ಳಿ ಹಬ್ಬಿಸಿದೆ.

ಹೋಳಿ ಹತ್ತಿರ ಬಂದಾಗ ಗಂಟು ಬಿಚ್ಚಿದರೆ ಉಳಿದದ್ದು ಒಂದು ಹಿಡಿ ಬೀಜ. ಅಣ್ಣೆಸೊಪ್ಪಿನದಂತೂ ಚಿಟಿಕೆ. ಅಣ್ಣೆಸೊಪ್ಪಿನ ಬೀಜ ಇಲ್ಲಿ ನರ್ಸರಿಯಲ್ಲಿ ಸಿಗುವುದಿಲ್ಲ, ವಿಚಾರಿಸಿದ್ದೆ. ಇದ್ದದ್ದನ್ನೆಲ್ಲ ಎರಚಿದೆ. ಬಂತು. ಚಿವುಟಿದೆ, ಮತ್ತೆ ಬಂತು. ಏಪ್ರಿಲ್ ಕಳೆಯುವಷ್ಟರಲ್ಲಿ ಪಂಪ್ ಹೌಸಿನ ಗೋಡೆಯೇ ಕಾಣದ ಹಾಗೆ ನಿಂತಿತು. ವಾರಕ್ಕೊಂದು ದಿನ ಮಗಳ ಅಡುಗೆಮನೆಗೆ ಕೇಳದೆಯೇ ನುಗ್ಗಿ ಸಾರು ಮಾಡುತ್ತಿದ್ದೆ. ಅಡುಗೆಯವಳು ಮೂಗು ಮುರಿಯುತ್ತಿದ್ದಳು. ಅಳಿಯ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ.

ಮೇ ತಿಂಗಳಲ್ಲಿ ಕ್ಲಬ್ಬಿನವರೆಲ್ಲ ಬೆಟ್ಟ, ಮಕ್ಕಳ ಮನೆ ಎಂದು ಹೊರಟುಹೋದರು. ಬಿಸಿಲು ಅಂದರೆ ಮುಖಕ್ಕೆ ಒಲೆಯ ಬಾಯಿ ಹಿಡಿದ ಹಾಗೆ. ನಲ್ಲಿಯಲ್ಲಿ ತೋಟಕ್ಕೆ ನೀರು ನಿಲ್ಲಿಸಿದರು. ನಾನು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಕೆಟ್ಟಿನಲ್ಲಿ ಹಿಡಿದು ಲಿಫ್ಟಿನಲ್ಲಿ ಇಳಿಸುತ್ತಿದ್ದೆ. ಸ್ವಲ್ಪ ಚೆಲ್ಲುತ್ತಿತ್ತು. ಚೆಲ್ಲದೆ ಏನು ಮಾಡುತ್ತದೆ, ನೀರು.

"ಅಮ್ಮಾ, ಗ್ರೂಪಿನಲ್ಲಿ ಫೋಟೋ ಹಾಕಿದ್ದಾರೆ ನೋಡು" ಎಂದು ಮಗಳು ಫೋನು ನನ್ನ ಮೂಗಿಗೆ ಹಿಡಿದಳು.

"ಯಾರದು?"

"ಲಿಫ್ಟಲ್ಲಿ ನಿನ್ನ ಬಕೆಟ್ಟಿಂದು!"

"ನಂದು ಹಾಕಿಲ್ವಾ?"

ಮೊಮ್ಮಗಳು ಸೋಫಾದ ಮೇಲೆ ಬಿದ್ದು ನಕ್ಕಳು. "ಅಜ್ಜಿ, ಯು ಆರ್ ವೈರಲ್, ಯಾರ್."

"ನೀನು ನಗಬೇಡ" ಎಂದು ಮಗಳು ಅವಳ ಮೇಲೆ ರೇಗಿದಳು. "ನಾವು ಇಲ್ಲಿ ಬಾಳಬೇಕು. ಇವರಿಗೆಲ್ಲ ಬೆಳಗಾದರೆ ಮುಖ ತೋರಿಸೋದು ನಾನು."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಾರನೆಯ ದಿನದಿಂದ ಬಕೆಟ್ಟಿಗೆ ಮುಚ್ಚಳ ಹಾಕಿದೆ. ಇಳಿಸುವುದನ್ನು ಬಿಡಲಿಲ್ಲ.

ಜೂನ್ ಮೊದಲಲ್ಲಿ ಗಿಡ ತೆನೆ ಬಿಟ್ಟಿತು. ಅಣ್ಣೆಸೊಪ್ಪಿನ ತೆನೆ ತುದಿಯಲ್ಲಿ ಗುಲಾಬಿ, ಬುಡದಲ್ಲಿ ಬಿಳಿ. ಒಳಗೆ ಸಾಸಿವೆಗಿಂತ ಸಣ್ಣ ಕರೀ ಬೀಜ, ಮುಟ್ಟಿದರೆ ಉದುರುತ್ತದೆ. ಬೆಟ್ಟದಿಂದ ವಾಪಸ್ಸು ಬಂದ ಕರ್ನಲ್ ಮೇಡಂ ಸಾಮಾನು ಇಳಿಸಿದ ಕೂಡಲೇ ತೋಟಕ್ಕೆ ಬಂದರು.

"ಅಮ್ಮ, ಇದನ್ನು ಇವತ್ತೇ ಕಿತ್ತುಬಿಡಿ. ಬೀಜ ಬಿದ್ದರೆ ಎಲ್ಲರ ಪಾತಿಗೂ ಹೋಗುತ್ತೆ."

"ಬೀಜ ಆಗದೆ ಬರೋ ವರ್ಷಕ್ಕೆ ಏನು ಹಾಕಲಿ?"

"ಪ್ಯಾಕೆಟ್ ತಂದುಕೊಡ್ತೀನಿ."

"ಅಣ್ಣೆಸೊಪ್ಪಿನ ಪ್ಯಾಕೆಟ್ಟು ತನ್ನಿ ನೋಡೋಣ. ಅವತ್ತೇ ಕೀಳ್ತೀನಿ."

"ಹಟ ಮಾಡಬೇಡಿ."

"ತೆನೆ ಒಣಗಿದ ಮೇಲೆ ನಾನೇ ಕೊಯ್ದು ಇಡ್ತೀನಿ. ಇನ್ನೊಂದು ವಾರ."

ವಾರ ಆಗಲಿಲ್ಲ. ಒಂದು ಸಂಜೆ ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿತು. ಇಲ್ಲಿನವರು ಆಂಧಿ ಅನ್ನುವ ಧೂಳಿನ ಬಿರುಗಾಳಿ. ಕಿಟಕಿಗಳೆಲ್ಲ ದಬದಬ ಬಡಿದುಕೊಂಡವು. ಕೆಳಗಿಳಿದು ನೋಡುವಷ್ಟರಲ್ಲಿ ನನ್ನ ಗಿಡಗಳೆಲ್ಲ ಪೂರ್ವಕ್ಕೆ ತಲೆ ಹಾಕಿ ಮಲಗಿದ್ದವು. ತೆನೆ ಕೈಯಲ್ಲಿ ತಿಕ್ಕಿದರೆ ಬರೀ ಹೊಟ್ಟು. ಪೂರ್ವಕ್ಕೆ ಏನಿದೆ ಅಂದರೆ, ಉಳಿದ ಎಲ್ಲರ ಪಾತಿ.

ನಾನು ಬಾಯಿ ಬಿಡಲಿಲ್ಲ. ಮಳೆ ಬಿಡಿಸಿತು. ಜುಲೈಯಲ್ಲಿ ಎರಡು ಮಳೆ ಬಿದ್ದದ್ದೇ ತಡ, ಗುಲಾಬಿಯ ಬುಡದಲ್ಲಿ ಅಣ್ಣೆ, ಬದನೆಯ ಸಾಲಿನ ನಡುವೆ ಕೀರೆ, ನಡೆಯುವ ದಾರಿಯ ಟೈಲ್ಸಿನ ಸಂದಿಯಲ್ಲಿ ಗೋಣಿ. ದಾರ ಕಟ್ಟಿದ ಸಾಲುಗಳೆಲ್ಲ ಮುಚ್ಚಿಹೋದವು. ಹಲಗೆಯ ಮೇಲೆ ಒಂದು ಹೆಸರು, ಅದರ ಹಿಂದೆ ನನ್ನ ಸೊಪ್ಪು. ಅಧ್ಯಕ್ಷರು ನನ್ನನ್ನು ಅವರ ಪಾತಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಮಾತಾಜಿ, ಮೇರಿ ಭಿಂಡಿ ಕಹಾಂ ಹೈ?"

ಅವರ ಬೆಂಡೆ ಎಲ್ಲಿ ಎಂದು. ನಾನು ಬಗ್ಗಿ, ಕೀರೆಯನ್ನು ಆ ಕಡೆ ಈ ಕಡೆ ಸರಿಸಿ, ಒಂದು ಗಿಡ ಹುಡುಕಿ ತೋರಿಸಿದೆ. "ಇಧರ್ ಹೈ."

ಅವರ ಮುಖ ಬೆಂಡೆಗಿಂತ ಹಸಿರಾಯಿತು. ಎರಡನೆಯ ಬಾವುಟ ಅವತ್ತೇ ಬಿತ್ತು. ಪಾತಿ ಹಿಂದಕ್ಕೆ ತೆಗೆದುಕೊಳ್ಳುವ ವಿಚಾರಕ್ಕೆ ಭಾನುವಾರ ಮೀಟಿಂಗ್ ಎಂದು ಗ್ರೂಪಿನಲ್ಲಿ ಹಾಕಿದರು.

ಕರ್ನಲ್ ಮೇಡಂ ಹಿಂದಿನ ದಿನ ಮನೆಗೇ ಬಂದರು. ಕಾಫಿ ಮುಟ್ಟಲಿಲ್ಲ. ನಾನು ಎಲ್ಲರ ಮುಂದೆ ಸಾರಿ ಅನ್ನಬೇಕು, ಮುಂದೆ ದಾರ ಕಟ್ಟಿಯೇ ಬಿತ್ತುತ್ತೇನೆ, ತೆನೆ ಬರುವ ಮೊದಲು ಕೀಳುತ್ತೇನೆ ಎಂದು ಒಪ್ಪಿಕೊಳ್ಳಬೇಕು. ಆಗ ಪಾತಿ ಉಳಿಸಿಕೊಡುವುದು ತಮ್ಮ ಜವಾಬ್ದಾರಿ ಎಂದರು. "ನಾನು ಇಷ್ಟೇ ಮಾಡೋಕೆ ಆಗೋದು ಅಮ್ಮ. ಅವರೆಲ್ಲ ತುಂಬಾ ಸಿಟ್ಟಾಗಿದ್ದಾರೆ."

"ನೀವು?"

"ನಾನೂ ಸಿಟ್ಟಾಗಿದ್ದೀನಿ. ನನ್ನ ಗುಲಾಬಿ ನೋಡಿದ್ದೀರಾ?"

ಅವರು ಹೋದ ಮೇಲೆ ಮಗಳು ನನ್ನ ಮುಂದೆ ಕೂತಳು. "ಒಂದು ಸಾರಿ ಅಂದುಬಿಡಮ್ಮಾ. ಏನು ಹೋಗುತ್ತೆ ನಿಂದು?"

"ಪಾತಿ ಹೋಗುತ್ತೆ."

"ಅನ್ನದಿದ್ದರೇನೇ ಹೋಗೋದು!"

"ಅಂದರೆ ಅದು ಅವರ ಪಾತಿ, ನಾನು ಅವರು ಹೇಳಿದ್ದು ಬಿತ್ತೋ ಆಳು. ಆಮೇಲೆ ಇದ್ದರೆಷ್ಟು, ಹೋದರೆಷ್ಟು."

"ಬೇರೆಯವರ ಗಿಡ ಹಾಳಾಗಿರೋದು ನಿಜ ತಾನೇ?"

"ನಿಜ. ಕಿತ್ತುಕೊಡ್ತೀನಿ ಅಂತ ಹೇಳ್ತೀನಿ. ಬಿತ್ತಿದ್ದು ತಪ್ಪು ಅಂತ ಹೇಳೋಲ್ಲ."

ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಮಗಳೇ ಅವಳು, ಹಟಕ್ಕೆ ನಾನು ಬೈಯಲಾರೆ.

ಮೀಟಿಂಗು ಕಮ್ಯುನಿಟಿ ಹಾಲಿನಲ್ಲಿ. ಮುಂದಿನ ಸಾಲಿನಲ್ಲಿ ಕೂತೆ. ಹಿಂದಿ ನನಗೆ ತರಕಾರಿ ಭಯ್ಯಾನ ಜೊತೆ ಜಗಳವಾಡುವಷ್ಟು ಬರುತ್ತದೆ, ಮೀಟಿಂಗಿಗೆ ಸಾಲದು ಎಂದು ಮೊಮ್ಮಗಳು ಪಕ್ಕದಲ್ಲಿ ನಿಂತಳು. ಅಧ್ಯಕ್ಷರು ಮಾತಾಡಿದರು, ಕರ್ನಲ್ ಮೇಡಂ ಮಾತಾಡಿದರು, ಬದನೆಯವರು ಮಾತಾಡಿದರು. ಕೊನೆಗೆ ನನ್ನ ಕಡೆ ತಿರುಗಿದರು. ನಾನು ಕನ್ನಡದಲ್ಲಿ ಹೇಳಿದೆ. ಕಲ್ಲು ಸಿಮೆಂಟು ಎತ್ತಿದವಳು ನಾನು. ಸಾಲು ಹಾಕಲು ಬಾರದೆ ಬಿಟ್ಟದ್ದಲ್ಲ, ನಮ್ಮ ಸೊಪ್ಪು ಬೆಳೆಯುವ ರೀತಿ ಅದಲ್ಲ. ತೆನೆ ಕೊಯ್ಯಲು ಒಂದು ವಾರ ಕೇಳಿದ್ದೆ, ಗಾಳಿ ಕೊಡಲಿಲ್ಲ. ನಿಮ್ಮ ಪಾತಿಯಲ್ಲಿ ಬಂದದ್ದನ್ನು ತೆಗೆಯುವುದು ನನ್ನ ಕೆಲಸ, ತೆಗೆಯುತ್ತೇನೆ. ಆದರೆ ನನ್ನ ಪಾತಿಯಲ್ಲಿ ಏನಿರಬೇಕು, ಹೇಗಿರಬೇಕು ಅಂತ ನಾನು ಯಾರನ್ನೂ ಕೇಳುವುದಿಲ್ಲ.

ಮೊಮ್ಮಗಳು ಅದನ್ನು ಹಿಂದಿಯಲ್ಲಿ ಎರಡೇ ಮಾತಿನಲ್ಲಿ ಮುಗಿಸಿದಳು. ಸಭೆಯವರು ಅಚ್ಛಾ ಅಚ್ಛಾ ಎಂದು ಮೆತ್ತಗೆ ತಲೆಯಾಡಿಸಿದರು. ನನಗೆ ಅನುಮಾನ ಬಂತು.

"ಏನೇ ಹೇಳಿದೆ?"

"ಅಜ್ಜಿಗೆ ಬುರಾ ಲಗಾ, ಶೀ ವಿಲ್ ಕ್ಲೀನ್ ಇಟ್ ಅಂತ."

"ಅಷ್ಟೇನಾ ನಾನು ಹೇಳಿದ್ದು?"

"ಅಜ್ಜಿ, ಪ್ಲೀಸ್. ಐಸೇ ಹೀ ಬೆಟರ್ ಹೈ." ಹೀಗೆ ಹೇಳಿದರೇ ಒಳ್ಳೆಯದಂತೆ.

ನಾನು ಎದ್ದು ನಿಂತೆ. ಬಂದಷ್ಟು ಹಿಂದಿಯಲ್ಲಿ ಹೇಳಿದೆ. "ಬುರಾ ನಹೀ ಲಗಾ. ಸಾರಿ ನಹೀ ಬೋಲೂಂಗೀ. ಲೈನ್ ನಹೀ ಲಗಾವೂಂಗೀ." ಬೇಜಾರಾಗಿಲ್ಲ, ಸಾರಿ ಅನ್ನುವುದಿಲ್ಲ, ಸಾಲು ಹಾಕುವುದಿಲ್ಲ. ಅದು ಎಲ್ಲರಿಗೂ ಅರ್ಥವಾಯಿತು. ಹಿಂದೆ ಎಲ್ಲೋ ಕೂತಿದ್ದ ಮಗಳು ತಲೆಯ ಮೇಲೆ ಕೈ ಹೊತ್ತದ್ದು ಕಂಡಿತು.

ಪಾತಿ ತೆಗೆದುಕೊಳ್ಳಬೇಕು ಅನ್ನುವವರು ಕೈ ಎತ್ತಿ ಎಂದರು. ಎತ್ತಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಕೆಲವರು ನಾನು ನೋಡಿದ ಕೂಡಲೇ ಕೈಯನ್ನು ಕಿವಿಯವರೆಗೆ ಇಳಿಸಿ ಕೂದಲು ಸರಿಮಾಡಿಕೊಂಡರು. ಕರ್ನಲ್ ಮೇಡಂ ಇಳಿಸಲಿಲ್ಲ. ಕೈ ನೆಟ್ಟಗೆ ಇತ್ತು, ಕಣ್ಣು ನನ್ನ ಮೇಲೇ ಇತ್ತು. ಅದೊಂದಕ್ಕೆ ಅವರ ಮೇಲೆ ನನಗೆ ಮರ್ಯಾದೆ. ಕೈ ಎತ್ತಿದ್ದನ್ನು ಮಾತ್ರ ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಪಾತಿ ಹೋಯಿತು. ಎ ಬ್ಲಾಕಿನ ಗಂಡ ಹೆಂಡತಿಗೆ ಕೊಟ್ಟರು. ಅವರು ಒಂದೇ ದಿನದಲ್ಲಿ ಎಲ್ಲ ಅಗೆಸಿ, ಹೊಸ ಮಣ್ಣು ಹಾಕಿಸಿ, ಬಿಳಿ ಬಣ್ಣದ ಇಟ್ಟಿಗೆ ಸುತ್ತ ಕಟ್ಟಿಸಿದರು. ಮೇಲಿನಿಂದ ಬಾಲ್ಕನಿಯಲ್ಲಿ ನಿಂತು ನೋಡಿದೆ. ಅಳಲಿಲ್ಲ. ಅಳುವವಳಾಗಿದ್ದರೆ ಇಷ್ಟು ವರ್ಷ ಬದುಕುತ್ತಿರಲಿಲ್ಲ. ಅವತ್ತು ರಾತ್ರಿ ಊಟ ಮಾತ್ರ ಸೇರಲಿಲ್ಲ. ಮಗಳು ಮೊಸರನ್ನ ಕಲೆಸಿ ಪಕ್ಕದಲ್ಲಿಟ್ಟು ಹೋದಳು.

ಉಳಿದವರ ಪಾತಿಯ ಸೊಪ್ಪು ಹಾಗೇ ಇತ್ತು. ಸೊಸೈಟಿಯ ಮಾಲಿಯನ್ನು ಕರೆದರೆ, ತನ್ನದು ಹುಲ್ಲುಹಾಸಿನ ಕೆಲಸ, ಮೆಂಬರುಗಳ ಪಾತಿ ತನ್ನದಲ್ಲ ಎಂದ. ಮೆಂಬರುಗಳು ಒಂದು ಬೆಳಗ್ಗೆ ಕೂತು ಕಿತ್ತು, ಸೊಂಟ ಹಿಡಿದುಕೊಂಡು ಎದ್ದರು. ವಾರದಲ್ಲಿ ಮತ್ತೆ ಬಂತು. ಆಗ ನಾನು ಅಧ್ಯಕ್ಷರ ಹತ್ತಿರ ಹೋದೆ. ಮೀಟಿಂಗಿನಲ್ಲಿ ತೆಗೆಯುತ್ತೇನೆ ಎಂದಿದ್ದೆ, ತೆಗೆಯುತ್ತೇನೆ. ತೆಗೆದದ್ದು ನನ್ನದು. ಇಷ್ಟು ಹೇಳಿದ್ದು. ಅವರು ಎರಡೂ ಕೈ ಮುಗಿದರು. "ಲೇ ಜಾಯಿಯೇ ಮಾತಾಜಿ, ಸಬ್ ಲೇ ಜಾಯಿಯೇ." ಎಲ್ಲ ತೆಗೆದುಕೊಂಡು ಹೋಗಿ ಎಂದು.

ಅಂದಿನಿಂದ ಬಿಸಿಲೇರುವ ಮೊದಲು ಒಂದು ಬಟ್ಟೆಯ ಚೀಲ ಹಿಡಿದು ಇಳಿಯುತ್ತೇನೆ. ಒಂದು ದಿನ ಬೆಂಡೆಯ ಪಾತಿ, ಒಂದು ದಿನ ಬದನೆಯ ಪಾತಿ, ಒಂದು ದಿನ ಗುಲಾಬಿ. ಬೆಂಡೆಯ ಪಾತಿಯ ಕೀರೆ ಮೆತ್ತಗಿದೆ, ಅಲ್ಲಿ ಅವರು ಅಂಗಡಿಯ ಗೊಬ್ಬರ ಹಾಕಿದ್ದಾರೆ. ಬದನೆಯವರ ಹೆಂಡತಿ ನನ್ನನ್ನು ಕಂಡರೆ ಒಳಗೆ ಹೋಗುತ್ತಾಳೆ. ಹೋಗಲಿ. ಗಿಡಕ್ಕೆ ಒತ್ತಿಕೊಂಡು ಬಂದದ್ದನ್ನು ಬೇರು ಸಮೇತ ಕಿತ್ತು ಕೊಟ್ಟಿದ್ದೇನೆ, ಅದರಲ್ಲಿ ಮೋಸವಿಲ್ಲ. ಅಂಚಿನಲ್ಲಿ ಬಂದದ್ದನ್ನು ನನಗೆ ತೋಚಿದ ಹಾಗೆ ಮಾಡುತ್ತೇನೆ.

ಮೊನ್ನೆ ಗುಲಾಬಿಯ ಪಾತಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ಹಿಂದೆ ಬಂದು ನಿಂತವರ ಬೂಟು ಕಂಡಿತು. ಅಂಥ ಬೂಟು ಸೊಸೈಟಿಯಲ್ಲಿ ಒಬ್ಬರೇ ಹಾಕುವುದು.

"ಅಮ್ಮ, ನೀವು ಕೀಳ್ತಾ ಇಲ್ಲ" ಎಂದರು ಕರ್ನಲ್ ಮೇಡಂ. "ತುದಿ ಚಿವುಟ್ತಾ ಇದ್ದೀರಿ."

"ಕಣ್ಣು ಚೆನ್ನಾಗಿದೆ ನಿಮಗೆ."

"ಚಿವುಟಿದರೆ ಮತ್ತೆ ಕವಲು ಒಡೆಯುತ್ತೆ."

"ಒಡೆಯುತ್ತೆ."

"ಆಮೇಲೆ ತೆನೆ ಬರುತ್ತೆ."

"ಬಂದೇ ಬರುತ್ತೆ."

ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. "ನಾನು ಮತ್ತೆ ಮೀಟಿಂಗ್ ಕರೀತೀನಿ."

"ಕರೀರಿ" ಎಂದೆ. "ಈ ಸಲ ಯಾವ ಪಾತಿ ಕಿತ್ಕೊಳ್ತೀರಿ?"

ಮತ್ತೆ ಸೊಪ್ಪಿಗೆ ಕೈ ಹಾಕಿದೆ. ಬಿಸಿಲು ಏರುತ್ತಿತ್ತು, ಚೀಲ ಇನ್ನೂ ಅರ್ಧ ತುಂಬಿರಲಿಲ್ಲ. ಸ್ವಲ್ಪ ಸರಿಯಿರಿ, ಕಾಲ ಕೆಳಗೆ ಗೋಣಿಸೊಪ್ಪಿದೆ ಎಂದೆ. ಅವರು ಕಾಲು ತೆಗೆದರು.